ಮಗಳ ಕಾರ್ಡಿಗೆ ನಾನೇ ಹಾಕಿದ ಸುಳ್ಳು ಗುರುತು

ನನ್ನ ಮಗಳು ಕಚ್ಚಿದ ಮೂರನೇ ಮಗು ಬಳೆ ಅಂಗಡಿ ಅಜ್ಜಿಯ ಮೊಮ್ಮಗ. ಮೊದಲಿನ ಇಬ್ಬರ ಅಮ್ಮಂದಿರು ನನ್ನ ಮುಖ ನೋಡಿ ಸುಮ್ಮನಾಗಿದ್ದರು. ಅಜ್ಜಿ ಸುಮ್ಮನಾಗುವ ಪೈಕಿ ಅಲ್ಲ. ಅಳುತ್ತ ಮನೆಗೆ ಓಡಿದ್ದ ಮೊಮ್ಮಗನ ತೋಳನ್ನು ಮೇಲೆತ್ತಿ ಹಿಡಿದು, ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತ, ಹನ್ನೆರಡರ ಬಿಸಿಲಿನಲ್ಲಿ ಅಂಗನವಾಡಿಗೆ ಬಂದರು. ತೋಳಿನ ಮೇಲೆ ಎರಡು ಸಾಲು ಹಲ್ಲಿನ ಗುರುತು ಕೆಂಪಗೆ ಮೂಡಿದ್ದವು.

"ಏನ್ ಟೀಚರಮ್ಮಾ, ನಿನ್ನ ಮಗಳಂತ ನಾವು ಬಾಯಿ ಮುಚ್ಕೊಂಡಿರಬೇಕೇನು? ಬ್ಯಾರೆಯವ್ರ ಮಗು ಹಿಂಗ ಕಡದಿದ್ರ ನೀ ಸುಮ್ನ ಬಿಡ್ತಿದ್ದೇನು? ಖರೇ ಹೇಳು."

ಖರೇ ಹೇಳಬೇಕೆಂದರೆ ನಾನು ಬಿಡುತ್ತಿರಲಿಲ್ಲ. ಮಲ್ಲಟದ ಆಚೆಯ ಒಂದು ಸಣ್ಣ ಊರಿನಲ್ಲಿ ನಾನು ಅಂಗನವಾಡಿ ಟೀಚರ್. ಬಾಯಿ ಸ್ವಲ್ಪ ಜೋರು ಎಂದೇ ಹೆಸರು. ತೂಕ ಕಡಿಮೆಯಾದ ಮಗುವಿನ ತಾಯಿಯನ್ನು ಮನೆಬಾಗಿಲಿಗೆ ಹೋಗಿ ಬೈದು ಬಂದವಳು. ಆಗಷ್ಟೇ ನಾಲ್ಕು ತುಂಬಿದ್ದ ನನ್ನ ಮಗಳು ಕೂಡ ಅದೇ ಅಂಗನವಾಡಿಯಲ್ಲಿ ಕೂರುತ್ತಿದ್ದಳು. ಕೂರುತ್ತಿದ್ದಳು ಅನ್ನುವುದು ಬರೀ ಮಾತಿಗೆ. ಗೋಡೆ ಹಿಡಿದು ಸುತ್ತುತ್ತಿದ್ದಳು, ಬೆರಳ ತುದಿಯ ಮೇಲೆ ನಡೆಯುತ್ತಿದ್ದಳು, ಯಾರಾದರೂ ಮೈ ಮುಟ್ಟಿದರೆ ಕಿರುಚುತ್ತಿದ್ದಳು. ಮಾತು ಏಳೆಂಟು, ಅದೂ ಮನಸ್ಸಿದ್ದರೆ.

ಎರಡು ದಿನ ಬಿಟ್ಟು ತಾಯಂದಿರ ಸಭೆ ಇತ್ತು. ಪ್ರತಿ ತಿಂಗಳೂ ಮೊಟ್ಟೆ, ಲಸಿಕೆ, ತೂಕದ ಬಗ್ಗೆ ನಾನು ಮಾತಾಡುತ್ತಿದ್ದೆ, ಅವರು ಕೇಳುತ್ತಿದ್ದರು. ಈ ಸಲ ಅವರು ಮಾತಾಡಿದರು. ಕೊನೆಗೆ ಅಜ್ಜಿಯೇ ತೀರ್ಮಾನ ಹೇಳಿದರು.

"ಮುಂದಿನ ಸಭಿ ತನಕ ನೋಡ್ತೀವಿ. ಇನ್ನೊಂದು ಕೂಸಿಗಿ ಆಕಿ ಹಲ್ಲು ಹತ್ತಿತಂದ್ರ ಆಕಿನ್ನ ಮನ್ಯಾಗ ಬಿಡು. ಇಲ್ಲಂದ್ರ ನಮ್ಮ ಹುಡುಗ್ರನ್ನ ನಾವು ಮನ್ಯಾಗ ಇಟ್ಕೊಂತೀವಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ತಿಂಗಳ ಭಿಕ್ಷೆ ನನಗ್ಯಾಕೆ ಎಂದು ಮರುದಿನವೇ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದೆ. ಅತ್ತೆ ಅವತ್ತು ಹತ್ತಿ ಬಿಡಿಸುವ ಕೂಲಿಗೆ ಹೋಗದೆ ಮನೆಯಲ್ಲೇ ಉಳಿದರು. ಸಂಜೆ ನಾಲ್ಕಕ್ಕೆ ನಾನು ಮನೆಗೆ ಬಂದಾಗ ಮಗಳ ಸೊಂಟಕ್ಕೆ ಹಳೆಯ ಸೀರೆ ಸುತ್ತಿ, ಅದರ ಇನ್ನೊಂದು ತುದಿಯನ್ನು ಹೊರಸು ಮಂಚದ ಕಾಲಿಗೆ ಕಟ್ಟಿದ್ದರು. ಅವಳು ಅಳುತ್ತಿರಲಿಲ್ಲ. ಸೀರೆಯ ಅಂಚನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತ, ಕೂತಲ್ಲೇ ಹಿಂದೆ ಮುಂದೆ ತೂಗುತ್ತಿದ್ದಳು.

ನಾನು ಅತ್ತೆಯ ಮೇಲೆ ಬಾಯಿ ಮಾಡಿದೆ. ಮಗು ಅಂದರೆ ಎಮ್ಮೆ ಕರು ಅಂದುಕೊಂಡಿದ್ದೀರಾ ಎಂದೆಲ್ಲ ಅಂದೆ. ಅವರು ಕೇಳುವಷ್ಟು ಕೇಳಿ, ಗೋಡೆಗೆ ಒರಗಿ ಕೂತು, ಕಾಲು ಮುಂದೆ ಚಾಚಿದರು.

"ಏನ್ ಮಾಡ್ಲೆವಾ ನಾ? ಎರಡ ಸಲ ಕೆನಾಲಿನ ದಂಡಿಗಿ ಓಡಿ ಹೋಗಿದ್ಲು. ನನ್ನ ಈ ಕಾಲಿಗಿ ಆಕಿ ಸಿಗತಾಳೇನು?"

ಅವರ ಅಂಗಾಲಿನಲ್ಲಿ ಜಾಲಿ ಮುಳ್ಳು ಚುಚ್ಚಿ ರಕ್ತ ಒಣಗಿತ್ತು. ಚಪ್ಪಲಿ ಮೆಟ್ಟಿಕೊಳ್ಳಲೂ ಪುರುಸೊತ್ತಿಲ್ಲದೆ ಮೊಮ್ಮಗಳ ಹಿಂದೆ ಓಡಿದ್ದರು. ಅಂಗನವಾಡಿಯಲ್ಲಿ ಮಗಳಿಗೆ ಜಾಗ ತಪ್ಪಿದರೆ ಅವಳಿಗಿರುವುದು ಈ ಹೊರಸಿನ ಕಾಲು, ಇಲ್ಲವೇ ಆ ಕೆನಾಲು. ನನ್ನ ಗಂಡ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ದುಡಿದು ವಾರಕ್ಕೊಮ್ಮೆ ಊರಿಗೆ ಬರುವವರು. ಅವಳನ್ನು ನೋಡಿಕೊಳ್ಳಲು ನಾನೇ ಕೆಲಸ ಬಿಡಬೇಕಾಗುತ್ತಿತ್ತು.

ಮುಳ್ಳು ತೆಗೆದು, ಅತ್ತೆಯ ಕಾಲಿಗೆ ಅರಿಷಿಣ ಹಚ್ಚಿ, ಟ್ರಂಕಿನಿಂದ ಮಗಳ ತಾಯಿ ಕಾರ್ಡನ್ನು ಹೊರಗೆ ತೆಗೆದೆ. ಗರ್ಭಿಣಿಯಾದಾಗಿನಿಂದ ಮಗುವಿನ ಲಸಿಕೆ, ತೂಕ, ಬೆಳವಣಿಗೆ ಎಲ್ಲ ಬರೆಯುವ ಕಾರ್ಡು ಅದು. ಊರಿನ ಅಷ್ಟೂ ಮಕ್ಕಳ ಕಾರ್ಡು ತುಂಬುವವಳು ನಾನೇ. ಒಂದೂವರೆ ವರ್ಷದ ಪುಟದಲ್ಲಿ ಕೆಲವು ಪ್ರಶ್ನೆಗಳಿವೆ. ಹೆಸರು ಕರೆದರೆ ತಿರುಗಿ ನೋಡುತ್ತದೆಯೇ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಹೀಗೆ. ನನ್ನ ಮಗಳ ಪುಟದಲ್ಲಿ ಎಲ್ಲದಕ್ಕೂ ರೈಟ್ ಗುರುತು ಬಿದ್ದಿತ್ತು. ನನ್ನದೇ ಪೆನ್ನು, ನನ್ನದೇ ಕೈ.

ಅವುಗಳಲ್ಲಿ ಒಂದೂ ನಿಜವಿರಲಿಲ್ಲ. ಬರೆಯುವಾಗ ಅದು ನನಗೆ ಗೊತ್ತಿತ್ತು. ಟೀಚರ್ ಮಗಳೇ ಹೀಗೆ ಅಂತ ಊರು ಆಡಿಕೊಳ್ಳುತ್ತದೆ ಎಂಬ ನಾಚಿಕೆ. ಮಕ್ಕಳನ್ನು ತಪಾಸಣೆ ಮಾಡುವ ಡಾಕ್ಟರ ತಂಡ ಊರಿಗೆ ಬಂದ ದಿನ ಮಗಳಿಗೆ ಜ್ವರ ಎಂದು ಹೇಳಿ ಮನೆಯಲ್ಲಿ ಬಿಟ್ಟಿದ್ದೆ. ಅವರು ಕಾರ್ಡು ನೋಡಿದರು, ಎಲ್ಲ ಸರಿ ಇದೆ ಎಂದು ಮುಂದಕ್ಕೆ ಹೋದರು. ಆವತ್ತು ಬೆಳಿಗ್ಗೆ ಬೇರೆ ತಾಯಂದಿರಿಗೆ "ಏನಿದ್ರೂ ಮುಚ್ಚಿಡಬ್ಯಾಡ್ರಿ" ಎಂದು ಭಾಷಣ ಮಾಡಿದ್ದು ಕೂಡ ನಾನೇ.

ಮರುದಿನ ಮಗಳನ್ನು ಮತ್ತೆ ಅಂಗನವಾಡಿಗೆ ಕರೆದುಕೊಂಡು ಹೋದೆ. ಮಂಗಳವಾರ ರಜೆ ಹಾಕಿ ಮಾನ್ವಿಗೆ ಹೋಗಿ, ಅಲ್ಲಿಂದ ರಾಯಚೂರಿನ ಬಸ್ಸು ಹಿಡಿದೆ. ಹಾರ್ನ್ ಹೊಡೆದಾಗಲೆಲ್ಲ ಮಗಳು ಕಿವಿ ಮುಚ್ಚಿ ಕೂಗಿದಳು, ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಬಸ್ ಸ್ಟ್ಯಾಂಡಿಗೆ ನನ್ನ ಗಂಡ ಬಂದಿದ್ದರು. ಇಬ್ಬರೂ ಸೇರಿ ಅವಳನ್ನು ಹೊತ್ತುಕೊಂಡೇ ಸರ್ಕಾರಿ ಆಸ್ಪತ್ರೆಯ ಮಕ್ಕಳ ಥೆರಪಿ ಕೋಣೆಗೆ ಹೋದೆವು.

ಥೆರಪಿಸ್ಟ್ ನನಗಿಂತ ಹತ್ತು ವರ್ಷ ಸಣ್ಣವಳು. ಮಗಳನ್ನು ಕೂರಿಸಲಿಲ್ಲ, ಹೆಸರು ಕೇಳಲಿಲ್ಲ, ಕೆನ್ನೆ ಹಿಂಡಲಿಲ್ಲ. ಮೊದಲು ಕಟಕಟ ಸದ್ದು ಮಾಡುತ್ತಿದ್ದ ಫ್ಯಾನು ಆರಿಸಿದಳು. ನೆಲದ ಮೇಲೆ ಒಂದು ಹಾಸಿಗೆ ಹಾಸಿ, ದೊಡ್ಡ ದಿಂಬೊಂದನ್ನು ತಳ್ಳಲು ಬಿಟ್ಟಳು. ಮಗಳು ಅದನ್ನು ಈ ಗೋಡೆಯಿಂದ ಆ ಗೋಡೆಗೆ ತಳ್ಳಿ ತಳ್ಳಿ, ಕೊನೆಗೆ ಅದರ ಕೆಳಗೇ ನುಸುಳಿ ಸುಮ್ಮನೆ ಮಲಗಿದಳು. ಆಮೇಲೆ ಥೆರಪಿಸ್ಟ್ ಕಾರ್ಡು ಕೇಳಿದಳು. ಪುಟ ತಿರುವುತ್ತ ಒಂದೂವರೆ ವರ್ಷದ ಪುಟಕ್ಕೆ ಬಂದು ನಿಂತಳು.

"ಇದನ್ನ ತುಂಬಿದವ್ರು ಯಾರ್ರಿ?"

"ನಾನ್ರಿ."

ಅವಳು ಕಾರ್ಡು ಮಡಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಕ್ಕಾ, ಆಕಿ ಹಟ ಮಾಡಾಕತ್ತಿಲ್ರಿ. ಆಕಿಗಿ ತಡಕೊಳ್ಳಾಕ ಆಗವಲ್ದು," ಎಂದು ವಿವರಿಸಿದಳು. ಕೆಲವು ಸದ್ದು, ಕೆಲವು ಮುಟ್ಟುವಿಕೆ ಅವಳಿಗೆ ನಮಗಿಂತ ಬಹಳ ಜೋರಾಗಿ ತಾಕುತ್ತವೆ. ಮೈಗೆ ಭಾರ ಬೀಳುವ ಕೆಲಸ, ಅಂದರೆ ಎತ್ತುವುದು, ತಳ್ಳುವುದು, ಬಿಗಿಯಾಗಿ ಸುತ್ತಿಕೊಳ್ಳುವುದು ಅವಳಿಗೆ ನೆಮ್ಮದಿ ಕೊಡುತ್ತದೆ. ಇದಕ್ಕೆ ಏನು ಹೆಸರು ಎಂದು ಹೇಳಲು ಇನ್ನೂ ಕೆಲವು ಸಲ ನೋಡಬೇಕು, ಹೆಸರಿಗೆ ಕಾಯದೆ ಕೆಲಸ ಶುರು ಮಾಡೋಣ ಎಂದಳು. ಕೆಲಸವೆಂದರೆ ಒಂದು ನೋಟ್‌ಬುಕ್. ಅದರಲ್ಲಿ ನಾಲ್ಕು ಕಾಲಂ. ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಅವಳು ಏನು ಮಾಡಿದಳು, ಆಮೇಲೆ ನಾವೇನು ಮಾಡಿದೆವು.

ರಿಜಿಸ್ಟರ್ ಬರೆಯುವುದನ್ನು ಅಂಗನವಾಡಿ ಟೀಚರಿಗೆ ಯಾರೂ ಕಲಿಸಬೇಕಾಗಿಲ್ಲ. ಬುಧವಾರದಿಂದಲೇ ಶುರು ಮಾಡಿದೆ. ತನ್ನ ಕೈಯನ್ನೇ ಕಚ್ಚಿಕೊಂಡಿದ್ದು, ಗೋಡೆಗೆ ತಲೆ ಗುದ್ದಿದ್ದು, ಪಕ್ಕದವನನ್ನು ನೂಕಿದ್ದು ಎಲ್ಲವೂ ಹನ್ನೊಂದೂಕಾಲರಿಂದ ಹನ್ನೊಂದೂಮುಕ್ಕಾಲರ ಒಳಗೆ ಬಿದ್ದವು. ಹಸಿವು ಇರಬಹುದೆಂದು ಹನ್ನೊಂದಕ್ಕೇ ಮೊಟ್ಟೆ ಸುಲಿದು ಕೊಟ್ಟೆ. ಅದನ್ನು ಅಜ್ಜಿಯ ಮೊಮ್ಮಗನ ತಲೆಗೆ ಎಸೆದಳು. ಪಕ್ಕದ ಹುಡುಗ ಚೇಷ್ಟೆ ಮಾಡುತ್ತಾನೇನೋ ಎಂದು ಜಾಗ ಬದಲಿಸಿದೆ. ಹೊಸ ಜಾಗದಲ್ಲಿ ಹೊಸ ಹುಡುಗನನ್ನು ನೂಕಿದಳು. ಶುಕ್ರವಾರ ಸಿಲಿಂಡರ್ ಖಾಲಿಯಾಗಿ ಒಲೆ ಹತ್ತಲಿಲ್ಲ, ಮಕ್ಕಳಿಗೆ ಶೇಂಗಾ ಬೆಲ್ಲ, ಬಾಳೆಹಣ್ಣು ಕೊಟ್ಟು ಕಳಿಸಿದೆವು. ಶನಿವಾರ ನೋಟ್‌ಬುಕ್ ತೆಗೆದು ನೋಡಿದರೆ ಶುಕ್ರವಾರದ ಸಾಲು ಖಾಲಿ. ಮಗಳು ಇಡೀ ದಿನ ಯಾರ ಗೊಡವೆಗೂ ಹೋಗಿರಲಿಲ್ಲ. ಖಾಲಿ ಸಾಲಿನ ಮೇಲೆ ಬೆರಳಿಟ್ಟು ಯೋಚಿಸುತ್ತಿರುವಾಗಲೇ ಒಳಗೆ ಕುಕ್ಕರ್ ಸೀಟಿ ಹೊಡೆಯಿತು, ಮಗಳು ಚಿಟ್ಟನೆ ಚೀರಿದಳು. ಇಷ್ಟು ವರ್ಷ ಅವಳ ಪಕ್ಕದಲ್ಲೇ ಇದ್ದು ನನಗೆ ಅದು ಹೊಳೆದಿರಲಿಲ್ಲ. ನನ್ನ ತಲೆಗೆ ನಾನೇ ಬಡಿದುಕೊಂಡೆ.

ಈಗ ಅಡುಗೆ ಮಾಡುವ ಸಹಾಯಕಿಯನ್ನು ಒಪ್ಪಿಸಬೇಕಿತ್ತು. ನನ್ನ ತಾಯಿಯ ವಯಸ್ಸಿನ ಹೆಂಗಸು.

"ಟೀಚರ್ರ, ಈ ಕುಕ್ಕರ್ ಬರಲಿ ಅಂತ ಎಷ್ಟು ಅರ್ಜಿ ಕೊಟ್ಟೀನಿ ನಿಮ್ಗ ಗೊತ್ತದ. ಈಗ ಇದನ್ನ ಅಟ್ಟದ ಮ್ಯಾಲ ಇಟ್ಟು ಪೂಜಿ ಮಾಡ್ಲೇನು?"

"ಡಬರಿಯೊಳಗ ಬೇಸೋಣ್ರಿ."

"ಡಬರಿಯೊಳಗ ಬ್ಯಾಳಿ ಬೇಯಬೇಕಂದ್ರ ನಾ ಕೋಳಿ ಕೂಗೂತ್ಲೆ ಬರಬೇಕು."

ಒಂದು ಒಪ್ಪಂದಕ್ಕೆ ಬಂದೆವು. ಬೇಳೆಯನ್ನು ನಾನೇ ರಾತ್ರಿ ನೆನೆಹಾಕಿ ತರುವುದು, ಬೆಳಿಗ್ಗೆ ಬೇಗ ಬಂದು ಒಲೆ ಹಚ್ಚುವುದು ಕೂಡ ನಾನೇ. ಅವರು ಎಂದಿನ ಹೊತ್ತಿಗೆ ಬಂದರೆ ಸಾಕು. ಕುಕ್ಕರ್ ಅಟ್ಟಕ್ಕೆ ಹೋಯಿತು. ಊಟಕ್ಕೆ ಮುಂಚೆ ಮಕ್ಕಳು ತಾಟು ಬಡಿಯುವುದು ಇನ್ನೊಂದು ಗಲಾಟೆ. ಗದರಿಸಿದರೆ ಇನ್ನೂ ಜೋರಾಗಿ ಬಡಿಯುತ್ತಾರೆ. ಅದಕ್ಕೆ ನೆಲದ ಮೇಲೆ ಗೋಣಿತಟ್ಟು ಹಾಸಿ, ಅನ್ನ ಬಡಿಸಿದ ಮೇಲೆಯೇ ತಾಟು ಕೈಗೆ ಕೊಡಲು ಶುರು ಮಾಡಿದೆ.

ಭಾರದ ಕೆಲಸಕ್ಕೆ ಎರಡು ಕಿಲೋ ಬೇಳೆಯನ್ನು ಬಟ್ಟೆ ಚೀಲದಲ್ಲಿ ಕಟ್ಟಿದೆ. ಹನ್ನೊಂದಕ್ಕೆ ಮಗಳು ಅದನ್ನು ಎದೆಗವಚಿಕೊಂಡು ಸಾಮಾನಿನ ಕೋಣೆಯಿಂದ ಅಡುಗೆ ಕೋಣೆಗೆ ಒಯ್ಯಬೇಕು, ಮತ್ತೆ ತರಬೇಕು, ಹತ್ತು ಸಲ. ಮೂರನೇ ದಿನಕ್ಕೆ ಉಳಿದ ಮಕ್ಕಳೂ "ಟೀಚರ್, ನನಗರೀ, ನನಗರೀ" ಎಂದು ಸಾಲು ನಿಂತರು. ಅಜ್ಜಿಯ ಮೊಮ್ಮಗ ಎಲ್ಲರಿಗಿಂತ ಮುಂದೆ. "ಈ ಬ್ಯಾಳಿ ಬೇಯೋದ್ರಾಗ ರಾಯಚೂರಿಗಿ ಹೋಗಿ ಬಂದಷ್ಟು ತಿರಗತದ ನೋಡ್ರಿ," ಎಂದು ಸಹಾಯಕಿ ನಕ್ಕರು.

ಬಿಗಿಯಾಗಿ ಸುತ್ತುವುದಕ್ಕೆ ದಪ್ಪ ಹೊದಿಕೆ ಬೇಕಿತ್ತು. ಭಾನುವಾರ ದೇವದುರ್ಗದ ಕಡೆ ಅರಕೇರಾದಲ್ಲಿರುವ ತವರಿಗೆ ಹೋಗಿ, ಅವ್ವನಿಗೆ ಥೆರಪಿಸ್ಟ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವ್ವ ನನ್ನನ್ನೇ ದಿಟ್ಟಿಸಿ ನೋಡಿದಳು.

"ಇದಕ್ಕ ರಾಯಚೂರಿನ ತನಕ ಹೋಗಿದ್ದೇನು? ಇಲ್ಲಿ ಇದ್ದಾಗ ನನ್ನ ಕೌದ್ಯಾಗ ಸುತ್ತಿದ್ರನ ಆಕಿ ಮಲಗತಿದ್ಲು. ನೀನ ಹೊಲಸು ಅಂತ ಕಸಗೊಂಡು ಹಗರಾನ ಚಾದರ ಹೊಚ್ಚಿದಿ."

ನಾಲ್ಕು ಹಳೇ ಸೀರೆ ಸೇರಿಸಿ ಅವ್ವ ಹೊಲಿದ ಆ ಕೌದಿ ಒದ್ದೆಯಾದರೆ ನನ್ನ ಕೈಲಿ ಎತ್ತಲಾಗದಷ್ಟು ಭಾರ. ಅದನ್ನು ಬಗಲಲ್ಲಿ ಅವಚಿಕೊಂಡು ಬಸ್ಸು ಹತ್ತಿದೆ. ಅಂಗನವಾಡಿಯ ಮೂಲೆಯಲ್ಲಿ ಅದನ್ನು ಹಾಸಿದ ದಿನದಿಂದ, ತಡೆಯಲಾಗದೆ ಹೋದಾಗ ಮಗಳು ತಾನಾಗಿಯೇ ಹೋಗಿ ಅದರೊಳಗೆ ಸುತ್ತಿಕೊಳ್ಳತೊಡಗಿದಳು. ಸುಮಾರು ಹತ್ತು ದಿನ ನೋಟ್‌ಬುಕ್ಕಿನಲ್ಲಿ ಬರೆಯುವಂಥದ್ದು ಹೆಚ್ಚೇನೂ ಇರಲಿಲ್ಲ. ನಾನು ಉಬ್ಬಿಹೋಗಿದ್ದೆ.

ಸಭೆಗೆ ಎಂಟು ದಿನ ಇರುವಾಗ ಸಹಾಯಕಿ ತಂಗಿಯ ಮಗಳ ಮದುವೆಗೆಂದು ರಜೆ ಹಾಕಿದರು. ಬದಲಿಗೆ ಪಕ್ಕದ ಊರಿನಿಂದ ಒಬ್ಬಾಕೆ ಬಂದಳು. ಪಾಪ, ಚುರುಕಿನ ಹೆಂಗಸು. ಅಟ್ಟದ ಮೇಲೆ ಕುಕ್ಕರ್ ಕಂಡು, ಇಷ್ಟು ಒಳ್ಳೆಯದನ್ನು ಯಾಕೆ ಮೇಲಿಟ್ಟಿದ್ದಾರೆಂದು ಇಳಿಸಿ, ನಾನು ಡಬರಿಯಲ್ಲಿ ಇಟ್ಟಿದ್ದ ಬೇಳೆಯನ್ನು ಅದಕ್ಕೆ ಸುರಿದಿದ್ದಾಳೆ. ಅವಳಿಗೆ ಹೇಳುವುದನ್ನೇ ನಾನು ಮರೆತಿದ್ದೆ. ಹೊರಗೆ ಕೂಸೊಂದನ್ನು ತಕ್ಕಡಿಯಲ್ಲಿ ತೂಗುತ್ತಿದ್ದಾಗ ಸೀಟಿ ಕೇಳಿಸಿತು. ಕೂಸನ್ನು ಅದರ ತಾಯಿಯ ಕೈಗೆ ಹಾಕಿ ಒಳಗೆ ಓಡಿದೆ. ಮಗಳು ಎದುರಿಗಿದ್ದ ಹುಡುಗಿಯ ಎರಡೂ ಭುಜ ಹಿಡಿದು ಕೆನ್ನೆಗೆ ಬಾಯಿ ಹಾಕುವುದರಲ್ಲಿದ್ದಳು. ನಡುವೆ ಬಲಗೈ ಒಡ್ಡಿದೆ. ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಯಿತು. ಅವಳು ಬಿಡುವವರೆಗೂ ಕೈ ಎಳೆದುಕೊಳ್ಳಲಿಲ್ಲ, ಎಳೆದರೆ ಇನ್ನೂ ಬಿಗಿಯಾಗಿ ಕಚ್ಚುತ್ತಾಳೆಂದು ಥೆರಪಿಸ್ಟ್ ಹೇಳಿದ್ದಳು. ಕಣ್ಣಲ್ಲಿ ನೀರು ಬಂತು. ಆ ಹುಡುಗಿಗೆ ಏನೂ ಆಗಿರಲಿಲ್ಲ, ಬೇಳೆ ಚೀಲ ಹೊರಲು ಓಡಿಹೋಗಿದ್ದಳು.

ಮದುವೆ ಮುಗಿಸಿ ಬಂದ ಸಹಾಯಕಿ ನನ್ನ ಬ್ಯಾಂಡೇಜು ನೋಡಿ ವಿಷಯ ತಿಳಿದುಕೊಂಡರು.

"ಮಕ್ಳಿಗಿ ಹತ್ತಿಲ್ಲಲ್ರಿ. ನೋಡಿದವ್ರೂ ಯಾರೂ ಇಲ್ಲ. ಬರೀಬ್ಯಾಡ್ರಿ ಅದನ್ನ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ನಿಜ ಹೇಳುತ್ತೇನೆ, ಎರಡು ದಿನ ಬರೆಯಲಿಲ್ಲ. ಬೆರಳು ನೋಯುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಖಾಲಿ ಬಿಟ್ಟರೆ ಸಭೆಯಲ್ಲಿ ಗೆದ್ದಂತೆಯೇ. ಆದರೆ ಮಂಗಳವಾರ ಮತ್ತೆ ರಾಯಚೂರಿಗೆ ಹೋದಾಗ ಥೆರಪಿಸ್ಟ್ ಈ ನೋಟ್‌ಬುಕ್ಕನ್ನು ನೋಡಿಯೇ ಮುಂದಿನ ಹೆಜ್ಜೆ ಹೇಳುವವಳು. ಸುಳ್ಳು ಗುರುತು ನಂಬಿ ಡಾಕ್ಟರು ಮುಂದಕ್ಕೆ ಹೋದ ಹಾಗೆ ಇವಳೂ ಮುಂದಕ್ಕೆ ಹೋದರೆ ನಷ್ಟವಾಗುವುದು ಯಾರಿಗೆ? ಸೋಮವಾರ ಸೊಟ್ಟಪಟ್ಟ ಅಕ್ಷರದಲ್ಲಿ ನಾಲ್ಕೂ ಕಾಲಂ ತುಂಬಿದೆ. ಅವತ್ತೇ ಮೇಲ್ವಿಚಾರಕಿಗೆ ಫೋನು ಮಾಡಿ ಕಾರ್ಡಿನ ವಿಷಯವನ್ನೂ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಬೈದರು. ಮೆಮೊ ಕೊಡುತ್ತೇನೆ, ಎಲ್ಲ ಕಾರ್ಡು ಮತ್ತೆ ನೋಡಿ ವರದಿ ಕೊಡು ಎಂದರು.

ಸಭೆಯಲ್ಲಿ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮೊಟ್ಟೆ ಎಸೆದಿದ್ದಕ್ಕೆ ನಕ್ಕರು. ನನ್ನ ಕೈ ಕಚ್ಚಿದ ಸಾಲು ಓದಿದಾಗ ಯಾರೂ ನಗಲಿಲ್ಲ. ಆಮೇಲೆ ಮಗಳ ಕಾರ್ಡು ಬಿಚ್ಚಿ, ಈ ಗುರುತುಗಳನ್ನು ನಾನೇ ಸುಳ್ಳು ಹಾಕಿದ್ದು ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಚೊಚ್ಚಲ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಎಳೆಯ ತಾಯಿಯೊಬ್ಬಳು ಮೆಲ್ಲಗೆ ಕೇಳಿದಳು.

"ಟೀಚರ್, ನಮ್ಮ ಹುಡುಗನ ಕಾರ್ಡಿನ್ಯಾಗೂ ಹಂಗ ಹಾಕೀರೇನ್ರಿ?"

ಮಗಳ ಹಲ್ಲಿಗಿಂತ ಆ ಮಾತು ಆಳಕ್ಕೆ ಇಳಿಯಿತು. ತಿಂಗಳ ಕೊನೆಯಲ್ಲಿ ಗಡಿಬಿಡಿಯಿಂದ, ತಾಯಿ ಹ್ಞೂಂ ಅಂದದ್ದಕ್ಕೆಲ್ಲ ಸಾಲಾಗಿ ರೈಟ್ ಹಾಕಿಕೊಂಡು ಹೋದ ಕಾರ್ಡುಗಳು ನೆನಪಾದವು.

"ಗೊತ್ತಿಲ್ಲವಾ. ನಾ ಖರೇ ನೋಡಿ ಹಾಕಿದ್ನೋ, ಬರೇ ಕೇಳಿ ಹಾಕಿದ್ನೋ ನೆನಪಿಲ್ಲ. ಎಲ್ಲಾರ ಮನಿಗೂ ಬರ್ತೀನಿ. ಮತ್ತ ಮೊದ್ಲಿಂದ ನೋಡ್ತೀನಿ."

ಗುಸುಗುಸು ಶುರುವಾಯಿತು. ಆಫೀಸಿಗೆ ಅರ್ಜಿ ಕೊಡಬೇಕು ಎಂದಳು ಒಬ್ಬಳು. ಕೊಡು, ನಾನೂ ಹೇಳಿದ್ದೇನೆ ಎಂದೆ. ಅಷ್ಟರಲ್ಲಿ ಬಳೆ ಅಂಗಡಿ ಅಜ್ಜಿ ಎದ್ದು ಬಂದು ನನ್ನ ಬಲಗೈ ಹಿಡಿದು, ಬಳೆ ಇಡುವ ಮುಂಚೆ ಒತ್ತಿ ನೋಡುತ್ತಾರಲ್ಲ, ಹಾಗೆ ಒತ್ತಿ ನೋಡಿದರು.

"ಅರೆ ಬೇಟಾ, ಬಾತದ. ನಿನ್ನ ಸೈಜಿನ ಬಳಿ ಈಗ ಏರಂಗಿಲ್ಲ," ಎಂದರು. ಆಮೇಲೆ ಎಲ್ಲರ ಕಡೆ ತಿರುಗಿದರು. "ಕೂಸುಗಳಿಗಿ ಹಲ್ಲು ಹತ್ತಬಾರದು ಅಂದಿದ್ವಿ, ಹತ್ತಿಲ್ಲ. ತಾಯಿ ತನ್ನ ಕೈ ಕೊಟ್ಟಾಳ. ಹುಡುಗಿ ಬರ್ಲಿ. ಆದ್ರ ಟೀಚರಮ್ಮಾ, ಆ ಕುಕ್ಕರಿಗಿ ಕೀಲಿ ಹಾಕು."

ನಾನು ಎಲ್ಲರ ಮುಂದೆ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಮರುದಿನದಿಂದ ಸಂಜೆ ಹೊತ್ತು ಮನೆಮನೆ ತಿರುಗಿದೆ. ಈ ಸಲ ತಾಯಂದಿರನ್ನು ಕೇಳಲಿಲ್ಲ. ಮಗುವಿನ ಹಿಂದೆ ನಿಂತು ಹೆಸರು ಕರೆದೆ, ಎಟುಕದಷ್ಟು ಎತ್ತರದಲ್ಲಿ ಬಿಸ್ಕತ್ತು ಹಿಡಿದು ಬೆರಳು ತೋರಿಸುತ್ತದೆಯೇ ಎಂದು ಕಾದೆ. ಬಹಳಷ್ಟು ಕಾರ್ಡುಗಳಲ್ಲಿ ಗುರುತುಗಳು ಸರಿಯಾಗಿಯೇ ಇದ್ದವು. ಸಭೆಯಲ್ಲಿ ಕೇಳಿದ ಆ ಎಳೆಯ ತಾಯಿಯ ಮಗನಿಗೆ ಇಪ್ಪತ್ತು ತಿಂಗಳು. ಅಂಗಳದಲ್ಲಿ ಕೂತು ಆಟದ ಗಾಡಿಯನ್ನು ಬೋರಲು ಹಾಕಿ ಅದರ ಗಾಲಿ ತಿರುಗಿಸುತ್ತಿದ್ದ. ಮೂರು ಸಲ ಕರೆದೆ. ತಿರುಗಲಿಲ್ಲ.

"ನಿದ್ದಿಗಣ್ಣಿನ್ಯಾಗ ಅದಾನ್ರಿ ಟೀಚರ್," ಎಂದಳು ಅವಳು ನೆಲ ನೋಡುತ್ತ.

ಅವಳಿಗೆ ಗೊತ್ತಿತ್ತು. ಇಂಥ ನೆಪಗಳನ್ನೆಲ್ಲ ಹೇಳಿ ಮುಗಿಸಿದವಳು ನಾನು, ನನಗೂ ಗೊತ್ತಾಯಿತು. ಸುಳ್ಳು ಗುರುತನ್ನು ಹೊಡೆದುಹಾಕಿ, ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ಮಂಗಳವಾರ ನನ್ನ ಜೊತೆ ಬರುತ್ತೀಯಾ ಎಂದು ಕೇಳಿದೆ. ಅವಳು ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ಮಂಗಳವಾರ ಬೆಳಿಗ್ಗೆ ನೋಡಿದರೆ ನಮಗಿಂತ ಮುಂಚೆ ಬಸ್ಸಿಗಾಗಿ ಕಾದು ನಿಂತಿದ್ದಳು.

ಮಾನ್ವಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮಗಳು ಕಿವಿ ಮುಚ್ಚಿಕೊಂಡು ನನ್ನ ತೊಡೆಗೆ ತಲೆ ಕೊಟ್ಟಿದ್ದಳು. ಕೂಗಲಿಲ್ಲ. ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಹಿಂದಿನ ದಿನವಷ್ಟೇ ಹೊಸ ಚಪ್ಪಲಿ ಕಾಲಿಗೆ ತಾಕಿದ್ದಕ್ಕೆ ಒಂದು ಗಂಟೆ ಹೊರಳಾಡಿ ಅತ್ತಿದ್ದಳು. ಪಕ್ಕದಲ್ಲಿ ಆ ಎಳೆಯ ತಾಯಿ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡುತ್ತಿದ್ದಳು. ಮಾನ್ವಿ ದಾಟಿದ ಮೇಲೆ ಬಾಯಿ ಬಿಟ್ಟಳು.

"ಟೀಚರ್, ನಿಮ್ಗ ಯಾವಾಗ ಗೊತ್ತಾತ್ರಿ?"

"ಒಂದೂವರಿ ವರ್ಷಕ್ಕ."

"ಮತ್ತ ರಾಯಚೂರಿಗಿ ಯಾವಾಗ ಕರ್ಕೊಂಡು ಬಂದ್ರಿ?"

"ನಾಕು ತುಂಬಿದ ಮ್ಯಾಲ."

ಅವಳು ಮಗನ ಬೆನ್ನ ಮೇಲೆ ಬೆರಳು ಮಡಚುತ್ತ ತಿಂಗಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮುಖ ಸ್ವಲ್ಪ ಅರಳಿತು.

"ಹಂಗಾರ ನಾವು ಲಗೂ ಬಂದ್ವಿ, ಅಲ್ರಿ?"

ಮಗಳ ತಲೆಯ ಮೇಲೆ ಕೈಯಿಟ್ಟೆ.

"ಹೌದವಾ," ಅಂದೆ. "ನೀ ಲಗೂ ಬಂದಿ."